ಲಿನಕ್ಸ್‌ನಲ್ಲಿ ಸಂಗೀತ, ವಿಡಿಯೊ ಕೆಲಸಕ್ಕೆ ಲ್ಯಾಪ್‌ಟಾಪ್: ದುಡ್ಡು ಎಣಿಸುವ ಮುಂಚೆ ನೋಡಬೇಕಾದ್ದು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೇಳಿದರೆ ಮೊದಲು ಬರುವ ಉತ್ತರ, "ಐ7 ಇದೆ ಸರ್, 16 ಜಿಬಿ, ಎಲ್ಲಾ ಓಡತ್ತೆ." ಬಿಲ್ಲಿಂಗು, ಬ್ರೌಸಿಂಗು ಮಾಡುವವರಿಗೆ ಅಷ್ಟು ಸಾಕು. ಲಿನಕ್ಸ್ ಹಾಕಿಕೊಂಡು ಭಾವಗೀತೆ ರೆಕಾರ್ಡ್ ಮಾಡುವವರಿಗೆ, ಕಿರುಚಿತ್ರ ಎಡಿಟ್ ಮಾಡುವವರಿಗೆ ಸಾಲದು. ಗ್ರಾಫಿಕ್ಸ್ ಚಿಪ್ ಯಾರದು, ವೈಫೈ ಕಾರ್ಡ್ ಬಿಚ್ಚಲು ಬರುತ್ತದೆಯೇ, ಹತ್ತು ನಿಮಿಷ ದುಡಿಸಿದ ಮೇಲೆ ವೇಗ ಎಷ್ಟು ಉಳಿಯುತ್ತದೆ, ಫ್ಯಾನ್ ಸದ್ದು ಮೈಕಿಗೆ ಬೀಳುತ್ತದೆಯೇ ಎಂಬುದನ್ನು ಯಾವ ಸ್ಟಿಕರ್ ಮೇಲೂ ಬರೆದಿರುವುದಿಲ್ಲ. ಈ ಬರಹ ಅವುಗಳ ಬಗ್ಗೆ.

ಒಂದು ಸೂಚನೆ: ಟರ್ಮಿನಲ್ ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ತಂತ್ರಾಂಶ ಮೊದಲು, ಯಂತ್ರ ಆಮೇಲೆ

ಯಾವ ತಂತ್ರಾಂಶದಲ್ಲಿ ಕೆಲಸ ಮಾಡುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಯಂತ್ರ ಬೇಕು ಎಂಬ ಗೊಂದಲ ಅರ್ಧಕ್ಕರ್ಧ ಅಲ್ಲೇ ತೀರುತ್ತದೆ.

ಬರೀ ಸಂಗೀತವಾದರೆ ಆರ್ಡೋರ್, ರೀಪರ್, ಬಿಟ್‌ವಿಗ್ ಸ್ಟುಡಿಯೊ ಮೂರೂ ನೇರವಾಗಿ ಲಿನಕ್ಸ್‌ನಲ್ಲೇ ಓಡುತ್ತವೆ. ಇವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ಇದ್ದರೆ ಶಾಖ ಹೆಚ್ಚು, ಫ್ಯಾನ್ ಸದ್ದು ಹೆಚ್ಚು, ಡ್ರೈವರಿನ ತಲೆನೋವು ಬೇರೆ. ಹಾಡುಗಾರರು ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವುದು ತರಕಾರಿ ತರಲು ಲಾರಿ ಕೊಂಡ ಹಾಗೆ.

ವಿಂಡೋಸ್ ಪ್ಲಗಿನ್‌ಗಳನ್ನು ವೈನ್ ಮತ್ತು ಯಾಬ್ರಿಜ್ ಮೂಲಕ ಓಡಿಸುವ ಯೋಚನೆ ಇದ್ದರೆ ಎರಡು ಮಾತು. (ಪ್ಲಗಿನ್ ಎಂದರೆ ಸಂಗೀತ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ವಾದ್ಯ ಅಥವಾ ಎಫೆಕ್ಟ್.) ಐಲಾಕ್‌ನಂಥ ಪರವಾನಗಿ ಬೀಗವಿರುವ ಪ್ಲಗಿನ್‌ಗಳನ್ನು ನೆಚ್ಚಿಕೊಳ್ಳಬೇಡಿ. ವೈನ್ 9.22ರಿಂದ ಈಚೆಗೆ ಯಾಬ್ರಿಜ್ 5.1.0ರ ಜೊತೆ ಹೊಂದಾಣಿಕೆ ತಪ್ಪಿ, ಮೌಸ್ ಒತ್ತಿದ ಜಾಗ ಒಂದು, ತಿರುಗುವ ಗುಂಡಿ ಇನ್ನೊಂದು ಎಂಬಂತಾಯಿತು. ಹಾಗಾಗಿ 9.21ರಲ್ಲೇ ನಿಂತವರು ಬಹಳ. ಸರ್ಜ್ ಎಕ್ಸ್‌ಟಿ, ವೈಟಲ್, ಪಿಯಾನೊಟೆಕ್, ಎಲ್‌ಎಸ್‌ಪಿ ಪ್ಲಗಿನ್ಸ್ ಇವೆಲ್ಲ ಲಿನಕ್ಸ್‌ಗೆ ನೇರವಾಗಿ ಸಿಗುವಾಗ ಮೊದಲು ಇವುಗಳಿಂದ ಕೆಲಸ ಆಗುತ್ತದೆಯೇ ನೋಡಿ.

ವಿಡಿಯೊಗೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ಸಾಕು ಎನ್ನುವವರಿಗೆ ಒಳ್ಳೆಯ ಪ್ರೊಸೆಸರ್ ಮುಖ್ಯ. ಟೈಮ್‌ಲೈನ್ ಕೆಲಸದ ಬಹುಪಾಲನ್ನು ಅವು ಪ್ರೊಸೆಸರ್ ಮೇಲೇ ಹೊರಿಸುತ್ತವೆ. 4ಕೆ ದೃಶ್ಯಗಳಿಗೆ ಪ್ರಾಕ್ಸಿ, ಅಂದರೆ ಎಡಿಟಿಂಗ್ ಸಮಯಕ್ಕೆ ಮಾತ್ರ ಬಳಸುವ ಸಣ್ಣ ನಕಲು ಮಾಡಿಕೊಂಡರೆ ಮಧ್ಯಮ ದರ್ಜೆಯ ಯಂತ್ರವೂ ತಡೆಯುತ್ತದೆ.

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶ ಬೇಕೇ ಬೇಕು ಎಂದರೆ ಲೆಕ್ಕವೇ ಬೇರೆ. ಲಿನಕ್ಸ್‌ನ ಉಚಿತ ಆವೃತ್ತಿ ಎಚ್.264, ಎಚ್.265 ಎಂಬ ಬಗೆಯಲ್ಲಿ ಕುಗ್ಗಿಸಿದ ವಿಡಿಯೊ ಕಡತಗಳನ್ನು ತೆರೆಯುವುದಿಲ್ಲ. ಮೊಬೈಲಿನಲ್ಲಿ ತೆಗೆದ ವಿಡಿಯೊ ಎಳೆದು ಹಾಕಿದರೆ "ಮೀಡಿಯಾ ಆಫ್‌ಲೈನ್" ಎಂಬ ಕೆಂಪು ಪರದೆ ಬರುತ್ತದೆ. ಲ್ಯಾಪ್‌ಟಾಪೇ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ವಾಪಸ್ ಒಯ್ಯುವವರೂ ಉಂಟು. ದಾರಿ ಎರಡು. 295 ಡಾಲರಿನ ಸ್ಟುಡಿಯೊ ಆವೃತ್ತಿ ಕೊಂಡು ಎನ್ವಿಡಿಯಾ ಕಾರ್ಡಿನ ಮೇಲೆ ಓಡಿಸುವುದು. ಇಲ್ಲವೇ ಪ್ರತಿಯೊಂದು ಕಡತವನ್ನೂ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ, ಎಡಿಟಿಂಗ್‌ಗೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಡಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ಗೆ, ಧ್ವನಿಯನ್ನು ಎಎಸಿಯಿಂದ ಪಿಸಿಎಂಗೆ ಪರಿವರ್ತಿಸಿಕೊಳ್ಳುವುದು. ಎರಡನೆಯದು ಬಿಟ್ಟಿ, ಆದರೆ ಡಿಸ್ಕ್ ನುಂಗುತ್ತದೆ. 1080ಪಿ, 25 ಫ್ರೇಮಿನ ಡಿಎನ್‌ಎಕ್ಸ್‌ಎಚ್‌ಡಿ 185 ಎಂದರೆ ಸೆಕೆಂಡಿಗೆ 185 ಮೆಗಾಬಿಟ್. ಒಂದು ಗಂಟೆಯ ದೃಶ್ಯಕ್ಕೆ ಸುಮಾರು 83 ಜಿಬಿ. ಮದುವೆ ವಿಡಿಯೊ ಮಾಡುವವರು ಎರಡು ಕ್ಯಾಮೆರಾ, ಆರು ಗಂಟೆ ಎಂದು ಗುಣಿಸಿ ನೋಡಲಿ: 1 ಟಿಬಿ ಒಂದೇ ಮದುವೆಗೆ ಮುಗಿಯಿತು.

ಗ್ರಾಫಿಕ್ಸ್: ಇಲ್ಲಿ ತಪ್ಪಿದರೆ ರಿಪೇರಿ ಇಲ್ಲ

ರ್‍ಯಾಮ್ ಬೆಸೆದಿರದಿದ್ದರೆ ಏರಿಸಬಹುದು, ಡಿಸ್ಕ್ ಬದಲಿಸಬಹುದು. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪನ್ನು ಬದಲಿಸಲು ಬಾರದು. ಹಾಗಾಗಿ ಹೆಚ್ಚು ಹೊತ್ತು ಯೋಚಿಸಬೇಕಾದ್ದು ಇಲ್ಲಿ.

ಇಂಟೆಲ್ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್‌ನ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಬಂದೇ ಇರುತ್ತದೆ, ಹುಡುಕುವ ಕೆಲಸವಿಲ್ಲ. ಇದಕ್ಕೆ ಇನ್ನೊಂದು ಗುಣ ಇದೆ, ಅದು ಅಂಗಡಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳು 10 ಬಿಟ್, 4:2:2 ಬಣ್ಣದ (4:2:0ಗಿಂತ ಬಣ್ಣದ ವಿವರ ಹೆಚ್ಚಿರುವ) ಎಚ್.265 ಕಡತ ಕೊಡುತ್ತವೆ. ಅದನ್ನು ಹಾರ್ಡ್‌ವೇರಿನಲ್ಲೇ ಬಿಡಿಸುವ ಶಕ್ತಿ ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗಿನ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಇದೆ. ಎನ್ವಿಡಿಯಾದಲ್ಲಿ ಅದು ಬಂದಿದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ಎಂದರೆ ದುಬಾರಿ ಆರ್‌ಟಿಎಕ್ಸ್ 4070 ಇರುವ ಯಂತ್ರ ತಡವರಿಸುವ ಕ್ಯಾಮೆರಾ ಕಡತವನ್ನು ಸಾಧಾರಣ ಇಂಟೆಲ್ ಲ್ಯಾಪ್‌ಟಾಪ್ ಸಲೀಸಾಗಿ ಓಡಿಸಬಹುದು. ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ 4:2:2 ಎಂದಿದೆಯೇ, 4:2:0 ಎಂದಿದೆಯೇ ನೋಡಿಕೊಂಡು ಅಂಗಡಿಗೆ ಹೋಗಿ. 4:2:0 ಆದರೆ ಈ ಚಿಂತೆ ಇಲ್ಲ.

ಎಎಂಡಿಯ ಗ್ರಾಫಿಕ್ಸ್ ಡ್ರೈವರ್ ಕೂಡ ಕರ್ನಲ್‌ನಲ್ಲೇ ಬರುತ್ತದೆ, ದಿನನಿತ್ಯದ ಬಳಕೆಗೆ ಸುಖವಾಗಿದೆ. ಆದರೆ ಫೆಡೋರಾ ಎಂಬ ಲಿನಕ್ಸ್ ಬಗೆ ಹಾಕಿದವರಿಗೆ ಒಂದು ಎಡವು ಕಲ್ಲು: ಪೇಟೆಂಟ್ ಕಾರಣಕ್ಕೆ ಅದರ ಜೊತೆ ಬರುವ ಮೆಸಾ ಎಂಬ ಗ್ರಾಫಿಕ್ಸ್ ಪ್ಯಾಕೇಜಿನಲ್ಲಿ ಎಚ್.264, ಎಚ್.265 ಹಾರ್ಡ್‌ವೇರ್ ಸೌಲಭ್ಯ ತೆಗೆದಿರುತ್ತಾರೆ. ಆರ್‌ಪಿಎಂ ಫ್ಯೂಷನ್ ಭಂಡಾರದಿಂದ "ಫ್ರೀವರ್ಲ್ಡ್" ಎಂಬ ಹೆಸರಿನ ಪ್ಯಾಕೇಜ್ ಹಾಕಿದ ಮೇಲಷ್ಟೇ ಅದು ಸಿಗುತ್ತದೆ. ರಿಸಾಲ್ವ್‌ಗೆ ಎಎಂಡಿ ಹೊಂದಿಸುವುದು ಸಾಧ್ಯ, ಆದರೆ ಪ್ರತಿ ಅಪ್‌ಡೇಟಿನ ನಂತರವೂ ಕೈಮುಗಿದು ತೆರೆಯಬೇಕು.

ರಿಸಾಲ್ವ್‌ಗೆ ಅಥವಾ ಬ್ಲೆಂಡರ್ ಎಂಬ 3ಡಿ ತಂತ್ರಾಂಶದ ರೆಂಡರಿಂಗ್‌ಗೆ ಎನ್ವಿಡಿಯಾನೇ ತೆಗೆದುಕೊಳ್ಳಿ. ಕಾರ್ಡಿನ ಮೆಮೊರಿ 6 ಜಿಬಿ ಕನಿಷ್ಠ, 8 ಜಿಬಿ ನೆಮ್ಮದಿ. ಆರ್‌ಟಿಎಕ್ಸ್ 4050ರಲ್ಲಿ 6 ಇದೆ, 4060ರಲ್ಲಿ 8. 4 ಜಿಬಿಯ ಕಾರ್ಡಿನಲ್ಲಿ 4ಕೆ ಟೈಮ್‌ಲೈನಿಗೆ ನಾಯ್ಸ್ ರಿಡಕ್ಷನ್ ಹಾಕಿದರೆ "ಜಿಪಿಯು ಮೆಮೊರಿ ತುಂಬಿದೆ" ಎಂದು ನಿಂತುಬಿಡುತ್ತದೆ. ಜೊತೆಗೆ ವಾಟ್ ಕೇಳಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಒಂದು ಮಾದರಿಯಲ್ಲಿ 35 ವಾಟ್, ಇನ್ನೊಂದರಲ್ಲಿ 115 ವಾಟ್ ಇರಬಹುದು. ಹೆಸರು ಒಂದೇ, ದುಡಿಮೆ ಒಂದೇ ಅಲ್ಲ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ಪೂರ್ತಿ ಸಂಖ್ಯೆ ಹಾಕಿ ಅಲ್ಲೇ ನಿಂತು ಹುಡುಕಿ.

ಎರಡು ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಎಚ್‌ಡಿಎಂಐ ಕಿಂಡಿ ಯಾವುದಕ್ಕೆ ಜೋಡಿಸಿದೆ ಎಂಬುದೂ ಮುಖ್ಯ. ಬಹಳಷ್ಟು ಗೇಮಿಂಗ್ ಮಾದರಿಗಳಲ್ಲಿ ಅದು ನೇರ ಎನ್ವಿಡಿಯಾಗೆ ಹೋಗುತ್ತದೆ. ಹೊರಗಿನ ಮಾನಿಟರ್ ಹಾಕಿದ ಕೂಡಲೇ ಕಾರ್ಡ್ ಎಚ್ಚರವಾಗಿ, ಏನೂ ಕೆಲಸವಿಲ್ಲದಿದ್ದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಧ್ವನಿ ರೆಕಾರ್ಡಿಂಗೂ ಅದರಲ್ಲೇ ಮಾಡುವವರಿಗೆ ಇದು ಕಿರಿಕಿರಿ.

ಪ್ರೊಸೆಸರಿನ ಹೆಸರಲ್ಲಿ ಅಡಗಿದ ಮೋಸ

ಐ5, ಐ7 ನೋಡಬೇಡಿ, ಕೊನೆಯ ಅಕ್ಷರ ನೋಡಿ. ಇಂಟೆಲ್‌ನ 12, 13ನೇ ತಲೆಮಾರಿನಲ್ಲಿ ಯು ಎಂದರೆ 15 ವಾಟಿನದು, ಪಿ ಎಂದರೆ 28, ಎಚ್ ಎಂದರೆ 45. ಐ7-1355ಯುನಲ್ಲಿ ವೇಗದ ಕೋರುಗಳು (ಪ್ರೊಸೆಸರಿನೊಳಗೆ ದುಡಿಯುವ ಘಟಕಗಳು) ಎರಡೇ, ಉಳಿದ ಎಂಟು ಮಿತವ್ಯಯದವು. ಐ5-13500ಎಚ್‌ನಲ್ಲಿ ವೇಗದವು ನಾಲ್ಕು. ಒಂದು ಟ್ರ್ಯಾಕಿನ ಮೇಲೆ ಸಾಲಾಗಿ ಕೂತ ಪ್ಲಗಿನ್‌ಗಳು ಒಂದರ ಬಾಲ ಒಂದು ಹಿಡಿದು ಒಂದೇ ಕೋರಿನಲ್ಲಿ ನಡೆಯಬೇಕು. ಹಾಗಾಗಿ ಸಂಗೀತಕ್ಕೆ ಒಟ್ಟು ಕೋರುಗಳ ಸಂಖ್ಯೆಗಿಂತ ವೇಗದ ಕೋರಿನ ಬಲ ದೊಡ್ಡದು. ವಿಡಿಯೊ ರೆಂಡರಿಂಗ್ ಮಾತ್ರ ಎಲ್ಲ ಕೋರುಗಳನ್ನೂ ದುಡಿಸಿಕೊಳ್ಳುತ್ತದೆ.

ಎಎಂಡಿಯ 7000 ಸರಣಿಯಲ್ಲಿ ಮೂರನೆಯ ಅಂಕಿ ನೋಡಿ. ರೈಜೆನ್ 5 7520ಯು ಎಂಬುದರಲ್ಲಿ ಮೂರನೆಯದು 2, ಎಂದರೆ ಝೆನ್ 2 ಎಂಬ ಹಳೆಯ ವಿನ್ಯಾಸ, ನಾಲ್ಕೇ ಕೋರು. 7530ಯು ಝೆನ್ 3, ಆರು ಕೋರು. 7640ಎಚ್‌ಎಸ್ ಝೆನ್ 4. 7520 ಮತ್ತು 7530ರ ನಡುವೆ ಹತ್ತೇ ಸಂಖ್ಯೆಯ ವ್ಯತ್ಯಾಸ ಕಂಡರೂ ಕೆಲಸದಲ್ಲಿ ಅಜಗಜಾಂತರ.

ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳನ್ನು ಈ ಕೆಲಸಕ್ಕೆ ಸದ್ಯ ಕೈಬಿಡಿ. ಹಳೆಯ ಎಂ1, ಎಂ2 ಮ್ಯಾಕ್‌ಬುಕ್ ಮೇಲೆ ಅಸಾಹಿ ಲಿನಕ್ಸ್ ಓಡುತ್ತದೆ ನಿಜ, ಆದರೆ ಇಂಟೆಲ್ ಮಾದರಿಗೆ ತಯಾರಾದ ಪ್ಲಗಿನ್‌ಗಳು ನೇರವಾಗಿ ಓಡುವುದಿಲ್ಲ, ರಿಸಾಲ್ವ್ ಇಲ್ಲ.

ತಡವಾಗಿ ಕೇಳುವ ಧ್ವನಿ: ಲೆಕ್ಕ ಸರಳ

ಕಂಪ್ಯೂಟರ್ ಧ್ವನಿಯನ್ನು ಹನಿಹನಿಯಾಗಿ ಅಲ್ಲ, ಲೋಟ ಲೋಟವಾಗಿ ಸಾಗಿಸುತ್ತದೆ. ಆ ಲೋಟವೇ ಬಫರ್. 48,000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಹನಿ) ಬರುವಾಗ, 128 ಸ್ಯಾಂಪಲ್‌ನ ಬಫರ್ ತುಂಬಲು 2.67 ಮಿಲಿಸೆಕೆಂಡ್ ಬೇಕು, 256ಕ್ಕೆ 5.33. ಒಳಗೆ ಬರುವಾಗ, ಹೊರಗೆ ಹೋಗುವಾಗ, ನಡುವೆ ಯುಎಸ್‌ಬಿಯಲ್ಲಿ ಎಲ್ಲ ಸೇರಿ 128ರ ಬಫರಿನಲ್ಲಿ ಹಾಡುಗಾರರ ಹೆಡ್‌ಫೋನಿಗೆ ತಮ್ಮದೇ ಧ್ವನಿ ಮರಳುವುದು 10 ಮಿಲಿಸೆಕೆಂಡಿನ ಆಸುಪಾಸು. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿನಲ್ಲಿ ಸುಮಾರು 11 ಅಡಿ ಹೋಗುತ್ತದೆ. ವೇದಿಕೆಯ ಆಚೆ ತುದಿಯ ಮೃದಂಗದವರ ಜೊತೆ ಹಾಡಿದ ಹಾಗೆ, ಕಷ್ಟವಿಲ್ಲ. 25 ದಾಟಿದರೆ ತಾಳ ಜಾರುತ್ತದೆ.

ಲೋಟ ತುಂಬುವುದರೊಳಗೆ ಪ್ರೊಸೆಸರ್ ಬಂದು ಹೊತ್ತೊಯ್ಯದಿದ್ದರೆ ಟಪ್ ಎಂಬ ಸದ್ದು. ಲಿನಕ್ಸ್ ಬಳಗದಲ್ಲಿ ಇದಕ್ಕೆ ಎಕ್ಸ್‌ರನ್ ಎನ್ನುತ್ತಾರೆ. ಪ್ರೊಸೆಸರ್ ದುರ್ಬಲ ಎಂಬ ಕಾರಣಕ್ಕೆ ಆಗುವುದಕ್ಕಿಂತ, ಬೇರೆ ಯಾರೋ ಮಧ್ಯೆ ಅದರ ಕೈಹಿಡಿದು ನಿಲ್ಲಿಸಿಕೊಂಡ ಕಾರಣಕ್ಕೆ ಆಗುವುದೇ ಹೆಚ್ಚು: ವೈಫೈ ಡ್ರೈವರ್, ವಿದ್ಯುತ್ ಉಳಿಸಲು ವೇಗ ಇಳಿಸುವ ವ್ಯವಸ್ಥೆ, ಅಥವಾ ಬಯೋಸ್, ಅಂದರೆ ಯಂತ್ರದ ಬೋರ್ಡಿನಲ್ಲೇ ತಯಾರಕರು ಹಾಕಿಟ್ಟ ತಂತ್ರಾಂಶ. ಮೊದಲಿನ ಎರಡನ್ನು ನೀವು ಸರಿಪಡಿಸಬಹುದು. ಮೂರನೆಯದು ತಯಾರಕರ ಕೈಯಲ್ಲಿದೆ, ಕಾರ್ಯಾಚರಣ ವ್ಯವಸ್ಥೆಗೆ ಗೊತ್ತೇ ಆಗದಂತೆ ಬಯೋಸ್ ಪ್ರೊಸೆಸರನ್ನು ಕ್ಷಣಕಾಲ ಕಸಿದುಕೊಳ್ಳುತ್ತದೆ. ಕೆಲವು ಮಾದರಿಗಳು ಹೀಗೆ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಕಾಗದದ ಮೇಲೆ ನೋಡಿ ತಿಳಿಯುವಂತಿಲ್ಲ. ಅದಕ್ಕೇ ಪೆನ್‌ಡ್ರೈವ್ ಪರೀಕ್ಷೆ, ಮುಂದೆ ಬರುತ್ತದೆ.

ಧ್ವನಿಯಂಥ ಕೆಲಸಕ್ಕೆ ಹೇಳಿದ ಹೊತ್ತಿಗೇ ಪ್ರೊಸೆಸರ್ ಸಿಗುವಂತೆ ಮಾಡುವ ರಿಯಲ್‌ಟೈಮ್ ಸೌಲಭ್ಯ ಬಹಳ ವರ್ಷ ಬೇರೆ ತೇಪೆಯಾಗಿ ಸಿಗುತ್ತಿತ್ತು. 2024ರ ನವೆಂಬರಿನಲ್ಲಿ ಬಂದ 6.12 ಕರ್ನಲ್‌ನಿಂದ ಅದು ಮೂಲದಲ್ಲೇ ಸೇರಿದೆ. ಆದರೆ 128ರ ಬಫರಿಗೆ ಅದು ಬೇಕೆಂದೇನೂ ಇಲ್ಲ. ಮಾಮೂಲಿ ಕರ್ನಲ್‌ಗೆ ಬೂಟ್ ಸಾಲಿನಲ್ಲಿ "ಪ್ರಿಎಂಪ್ಟ್=ಫುಲ್" ಮತ್ತು "ಥ್ರೆಡ್‌ಐಆರ್‌ಕ್ಯೂಸ್" ಸೇರಿಸಿದರೆ ಹೆಚ್ಚಿನ ಮನೆ ಸ್ಟುಡಿಯೊಗಳಿಗೆ ಸಾಕು.

ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಚಿಪ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ರೆಕಾರ್ಡಿಂಗ್‌ಗೆ ಅದನ್ನು ಬಳಸುವುದಿಲ್ಲ. ಪ್ರತ್ಯೇಕ ಡ್ರೈವರ್ ಕೇಳದ, ಕ್ಲಾಸ್ ಕಂಪ್ಲಯಂಟ್ ಎಂಬ ಬಗೆಯ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕ್, ವಾದ್ಯಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ) ಕೊಳ್ಳಿ. ಫೋಕಸ್‌ರೈಟ್ ಸ್ಕಾರ್ಲೆಟ್, ಮೋಟು ಎಂ2, ಬೆಹ್ರಿಂಜರ್ ಯುಎಂಸಿ202ಎಚ್‌ಡಿ ಇವು ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತವೆ. ಹೊಸ ಸ್ಕಾರ್ಲೆಟ್ ಮೊದಲ ಸಲ ಚುಚ್ಚಿದಾಗ ಪೆನ್‌ಡ್ರೈವ್ ಥರ ಕಾಣಿಸಿಕೊಳ್ಳುವುದುಂಟು. ಅದು ನೋಂದಣಿಗೆ ಇರುವ ಎಂಎಸ್‌ಡಿ ಸ್ಥಿತಿ, ಅದನ್ನು ಆಫ್ ಮಾಡಿದ ಮೇಲೆ ಎಲ್ಲ ಸೌಲಭ್ಯವೂ ತೆರೆಯುತ್ತದೆ.

ರ್‍ಯಾಮ್, ಡಿಸ್ಕ್, ಪರದೆ, ವೈಫೈ

ರ್‍ಯಾಮ್ 16 ಜಿಬಿ ಕನಿಷ್ಠ. ದೊಡ್ಡ ವಾದ್ಯ ಸಂಗ್ರಹಗಳು, ರಿಸಾಲ್ವ್ ಇದ್ದರೆ 32. ಬೋರ್ಡಿಗೇ ಬೆಸೆದಿದ್ದರೆ ಮುಂದೆ ಏರಿಸಲು ಬಾರದು, ಹಾಗಿದ್ದಾಗ ಮೊದಲೇ ಹೆಚ್ಚಿನದನ್ನು ಕೊಳ್ಳಿ. ಸ್ಲಾಟ್ ಇರುವ ಯಂತ್ರದಲ್ಲಿ 16ರ ಒಂದೇ ಪಟ್ಟಿಗಿಂತ 8ರ ಎರಡು ಪಟ್ಟಿ ಒಳಗಿನ ಗ್ರಾಫಿಕ್ಸ್‌ಗೆ ಲೇಸು.

ಧ್ವನಿಗೆ ಡಿಸ್ಕ್ ಹೆಚ್ಚು ಬೇಡ. 48 ಕಿಲೊಹರ್ಟ್ಸ್, 24 ಬಿಟ್‌ನ ಒಂದು ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ, ಹದಿನಾರು ಟ್ರ್ಯಾಕ್ ಒಂದು ಗಂಟೆ ಓಡಿದರೂ 8.3 ಜಿಬಿ ಅಷ್ಟೆ. ವಿಡಿಯೊಗೆ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಎರಡು ಇರುವ ಮಾದರಿ ಹುಡುಕಿ. ಎಸ್‌ಎಸ್‌ಡಿಯ ಒಳಗಿನ ಮೆಮೊರಿ ಟಿಎಲ್‌ಸಿ ಬಗೆಯದೋ ಕ್ಯೂಎಲ್‌ಸಿಯೋ ಕೇಳಿ. ಕ್ಯೂಎಲ್‌ಸಿ ಅಗ್ಗ, ಆದರೆ ನೂರಾರು ಜಿಬಿ ಒಂದೇ ಸಲ ಸುರಿದಾಗ ಮುಂಭಾಗದ ವೇಗದ ಜಾಗ ತುಂಬಿ, ಹಳೆಯ ಹಾರ್ಡ್‌ಡಿಸ್ಕಿನ ವೇಗಕ್ಕೆ ಇಳಿದುಬಿಡುತ್ತದೆ. ವಿಡಿಯೊದವರು ಮಾಡುವುದೇ ಅದನ್ನು.

ಪರದೆಯ ವಿವರದಲ್ಲಿ "45% ಎನ್‌ಟಿಎಸ್‌ಸಿ" ಎಂದಿದ್ದರೆ ಬಣ್ಣದ ಕೆಲಸಕ್ಕೆ ಬೇಡ. ಅದು ಎಸ್‌ಆರ್‌ಜಿಬಿ ಎಂಬ ಮಾಮೂಲಿ ಪರದೆಗಳ ಬಣ್ಣವ್ಯಾಪ್ತಿಯ ಮೂರನೇ ಎರಡು ಭಾಗವನ್ನೂ ತೋರಿಸುವುದಿಲ್ಲ. ಕುಂಕುಮ ಇಟ್ಟಿಗೆಯಂತೆ ಕಾಣುತ್ತದೆ, ನೀವು ಕೆಂಪು ಏರಿಸುತ್ತೀರಿ, ಬೇರೆಯವರ ಮೊಬೈಲಿನಲ್ಲಿ ಅದು ಉರಿಯುತ್ತದೆ. "100% ಎಸ್‌ಆರ್‌ಜಿಬಿ" ಎಂದಿರಬೇಕು. ಪರದೆಯ ಹೊಳಪು 300 ನಿಟ್ಸ್ ಇದ್ದರೆ ಕಿಟಕಿ ಪಕ್ಕದಲ್ಲೂ ಕೂರಬಹುದು.

ವೈಫೈಗೆ ಇಂಟೆಲ್ ಕಾರ್ಡ್ ಇದ್ದರೆ ನಿಶ್ಚಿಂತೆ. ಬೇರೆಯದಿದ್ದು ತೊಂದರೆ ಕೊಟ್ಟರೆ ಬಿಚ್ಚಿ ಎಎಕ್ಸ್210 ಹಾಕಬಹುದು, ಕಾರ್ಡ್ ಬೆಸೆದಿಲ್ಲದಿದ್ದರೆ. ಎಎಕ್ಸ್211 ಎಂಬ ಅಣ್ಣತಮ್ಮನ ಹೆಸರಿನದು ಬೇರೆ. ಅದರ ಅರ್ಧ ಭಾಗ ಇಂಟೆಲ್ ಪ್ರೊಸೆಸರಿನ ಕಡೆಯೇ ಇರುತ್ತದೆ, ಎಎಂಡಿ ಯಂತ್ರದಲ್ಲಿ ಕೂರಿಸಿದರೆ ಏನೂ ಆಗುವುದಿಲ್ಲ.

ಅಂಗಡಿಯಲ್ಲಿ ಅರ್ಧ ಗಂಟೆ

ಮನೆಯಲ್ಲೇ 16 ಜಿಬಿಯ ಪೆನ್‌ಡ್ರೈವಿಗೆ ಉಬುಂಟು ಸ್ಟುಡಿಯೊ (ಸಂಗೀತ, ವಿಡಿಯೊ ತಂತ್ರಾಂಶಗಳ ಜೊತೆಗೇ ಬರುವ ಲಿನಕ್ಸ್) ಬರೆದುಕೊಳ್ಳಿ. ಅದು ಡಿಸ್ಕ್ ಮುಟ್ಟದೆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ಜೊತೆಗೆ ನಿಮ್ಮ ಆಡಿಯೊ ಇಂಟರ್‌ಫೇಸ್, ಹೆಡ್‌ಫೋನ್, ಕ್ಯಾಮೆರಾದ ಒಂದು ನಿಮಿಷದ ಕಡತ, ಮೊಬೈಲ್ ಡೇಟಾಗೆ ಕೇಬಲ್ ಇರಲಿ. ಕೆ.ಆರ್. ಮಾರ್ಕೆಟ್ ಅಥವಾ ಚಿಕ್ಕಪೇಟೆ ಮೆಟ್ರೊ ಇಳಿದು ನಡೆಯುವಷ್ಟೇ ದೂರ, ಎಸ್.ಪಿ. ರಸ್ತೆಗೆ ಕಾರು ತಂದು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋದೀತು.

ಹೊಸ ಸೀಲ್ಡ್ ಡಬ್ಬ ಬಿಚ್ಚಿ ತೋರಿಸು ಎಂದರೆ ಯಾರೂ ಒಪ್ಪುವುದಿಲ್ಲ. ಅದೇ ಮಾದರಿಯ ಡೆಮೊ ಯಂತ್ರ ಕೇಳಿ. "ಅಣ್ಣಾ, ಇನ್‌ಸ್ಟಾಲ್ ಮಾಡಲ್ಲ, ಪೆನ್‌ಡ್ರೈವಿಂದ ಬೂಟ್ ಮಾಡಿ ನೋಡ್ತೀನಿ ಅಷ್ಟೆ" ಎಂದು ಮೊದಲೇ ಬಿಡಿಸಿ ಹೇಳಿದರೆ ಜಗಳವಿಲ್ಲ. ಲೆನೊವೊ, ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಒತ್ತಿ ಹಿಡಿದರೆ ಬೂಟ್ ಮೆನು ಬರುತ್ತದೆ.

ಬೂಟ್ ಆದ ಕೂಡಲೇ ಸುಲಭದ್ದು ಮುಗಿಸಿ. ವೈಫೈ ಪಟ್ಟಿ ಬಂತೇ, ಪರದೆಯ ಹೊಳಪಿನ ಕೀ ಕೆಲಸ ಮಾಡಿತೇ, ಸ್ಪೀಕರ್ ಎರಡೂ ಕಡೆ ಹಾಡಿತೇ. ಸ್ಪೀಕರ್ ಮೌನವಾಗಿದ್ದರೆ ಅಥವಾ ಬಾವಿಯೊಳಗಿಂದ ಬಂದಂತೆ ಕೇಳಿದರೆ, ಸಿರಸ್ ಅಥವಾ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸ್ಮಾರ್ಟ್ ಆಂಪ್ಲಿಫೈಯರ್ ಚಿಪ್ ಇದ್ದು, ಆ ಮಾದರಿಯ ವಿವರ ಕರ್ನಲ್‌ಗೆ ಇನ್ನೂ ಸೇರಿಲ್ಲ ಎಂದು ಊಹಿಸಬಹುದು. ಆಡಿಯೊ ಇಂಟರ್‌ಫೇಸ್ ಇದ್ದವರಿಗೆ ಇದು ಸಣ್ಣ ಕೊರತೆ, ಬೆಲೆ ಇಳಿಸಲು ಒಳ್ಳೆಯ ನೆಪ.

ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ಎದ್ದು ಬರದಿದ್ದರೆ, ಅಥವಾ ಮುಚ್ಚಿದಾಗಲೂ ಬಿಸಿಯಾಗಿಯೇ ಇದ್ದರೆ, ಬ್ಯಾಗಿನಲ್ಲಿಟ್ಟುಕೊಂಡು ಜಯನಗರದಿಂದ ವೈಟ್‌ಫೀಲ್ಡ್ ಸೇರುವಷ್ಟರಲ್ಲಿ ಬ್ಯಾಟರಿ ಕರಗಿರುತ್ತದೆ.

ಈಗ ಮೊಬೈಲ್ ಡೇಟಾ ಕೊಟ್ಟು ವಿಎಇನ್ಫೋ, ಸ್ಟ್ರೆಸ್-ಎನ್‌ಜಿ, ಎಲ್‌ಎಂ-ಸೆನ್ಸರ್ಸ್, ಆರ್‌ಟಿ-ಟೆಸ್ಟ್ಸ್ ಪ್ಯಾಕೇಜ್ ಹಾಕಿ. ವಿಎಇನ್ಫೋ ಓಡಿಸಿದರೆ ಹಾರ್ಡ್‌ವೇರ್ ಬಿಡಿಸಬಲ್ಲ ವಿಡಿಯೊ ಬಗೆಗಳ ಪಟ್ಟಿ ಬರುತ್ತದೆ. 4:2:2 ಕ್ಯಾಮೆರಾದವರು ಎಚ್‌ಇವಿಸಿ (ಎಚ್.265ರ ಇನ್ನೊಂದು ಹೆಸರು) ಸಾಲುಗಳಲ್ಲಿ 422_10 ಎಂಬುದನ್ನು ಹುಡುಕಲಿ.

ಆಮೇಲೆ ಎಲ್ಲ ಕೋರುಗಳನ್ನೂ ಸ್ಟ್ರೆಸ್-ಎನ್‌ಜಿಯಿಂದ ಹತ್ತು ನಿಮಿಷ ದುಡಿಸಿ. ಮೊದಲ ಅರ್ಧ ನಿಮಿಷದ ವೇಗ ನಂಬಬೇಡಿ, ಅದು ಜಾಹೀರಾತಿನ ವೇಗ. ಐದನೇ ನಿಮಿಷದಲ್ಲಿ ಎಷ್ಟು ಗಿಗಾಹರ್ಟ್ಸ್‌ನಲ್ಲಿ ನಿಂತಿದೆಯೋ ಅದು ನಿಮಗೆ ನಿಜವಾಗಿ ಸಿಗುವುದು. ಕಿವಿಯನ್ನು ಒಂದು ಮೊಳ ದೂರದಲ್ಲಿಟ್ಟು ಫ್ಯಾನ್ ಕೇಳಿ: ಸಮನಾದ ಸುಯ್ಯೆಂಬ ಸದ್ದನ್ನು ತೆಗೆಯಬಹುದು, ಶಿಳ್ಳೆ ಹೊಡೆದ ಹಾಗಿದ್ದರೆ ತಂಬೂರಿಯ ಜೊತೆ ಅದೂ ರೆಕಾರ್ಡ್ ಆಗುತ್ತದೆ. ಅಂಗಡಿಯ ಗದ್ದಲದಲ್ಲಿ ಕೇಳಿಸದಿದ್ದರೆ ಮೊಬೈಲಿನ ರೆಕಾರ್ಡರ್ ಫ್ಯಾನಿನ ಬಾಯಿಗೆ ಹಿಡಿದು, ಹೊರಗೆ ಬಂದು ಹೆಡ್‌ಫೋನಿನಲ್ಲಿ ಕೇಳಿ.

ಆ ದುಡಿತ ನಡೆಯುತ್ತಿರುವಾಗಲೇ ಇನ್ನೊಂದು ಕಿಟಕಿಯಲ್ಲಿ ಪ್ರೊಸೆಸರ್ ಕರೆದಾಗ ಎಷ್ಟು ತಡವಾಗಿ ಬರುತ್ತದೆ ಎಂದು ಅಳೆಯುವ ಸೈಕ್ಲಿಕ್‌ಟೆಸ್ಟ್ ಅನ್ನು 80ರ ಆದ್ಯತೆಯಲ್ಲಿ, ಸುಡೊ (ನಿರ್ವಾಹಕರ ಅನುಮತಿ) ಹಾಕಿ ಓಡಿಸಿ. ಕೊನೆಯ ಕಾಲಮ್ಮಿನಲ್ಲಿ ಗರಿಷ್ಠ ತಡ ಮೈಕ್ರೊಸೆಕೆಂಡಿನಲ್ಲಿ ಬರುತ್ತದೆ. 128ರ ಬಫರಿಗೆ ನಿಮ್ಮ ಹತ್ತಿರ ಇರುವ ಒಟ್ಟು ಸಮಯ 2,667. ಗರಿಷ್ಠ ಕೆಲವು ನೂರರೊಳಗಿದ್ದರೆ ಒಳ್ಳೆಯ ಯಂತ್ರ. ಮತ್ತೆ ಮತ್ತೆ 1,000 ದಾಟುತ್ತಿದ್ದರೆ ವೈಫೈ ಆಫ್ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ದಾಟಿದರೆ ದೋಷ ಬಯೋಸ್ ಕಡೆಯದಿರಬಹುದು, ಆ ಮಾದರಿ ಬಿಟ್ಟುಬಿಡಿ.

ಕೊನೆಗೆ ಇಂಟರ್‌ಫೇಸ್ ಚುಚ್ಚಿ ಆರ್ಡೋರ್ ತೆರೆದು 128ರ ಬಫರಿನಲ್ಲಿ ಮೂರು ನಿಮಿಷ ರೆಕಾರ್ಡ್ ಮಾಡಿ. ಪಿಡಬ್ಲ್ಯು-ಟಾಪ್ ಎಂಬುದನ್ನು ಪಕ್ಕದಲ್ಲಿ ತೆರೆದಿಟ್ಟರೆ ಇಆರ್‌ಆರ್ ಕಾಲಮ್ಮಿನಲ್ಲಿ ಎಕ್ಸ್‌ರನ್ ಎಣಿಕೆ ಕಾಣುತ್ತದೆ. ಎಡಗಡೆಯ ಯುಎಸ್‌ಬಿ ಕಿಂಡಿಯಲ್ಲಿ ಏರಿದರೆ ಬಲಗಡೆಯದರಲ್ಲಿ ನೋಡಿ. ಕೆಲವು ಕಿಂಡಿಗಳು ವೆಬ್‌ಕ್ಯಾಮ್, ಬ್ಲೂಟೂತ್ ಜೊತೆ ಒಂದೇ ದಾರಿ ಹಂಚಿಕೊಂಡಿರುತ್ತವೆ.

ಕಂಪನಿಗಳಿಂದ ಹೊರಬಿದ್ದ ಹಳೆಯ ಯಂತ್ರಗಳು

ಬೆಂಗಳೂರಿನಲ್ಲಿ ಐಟಿ ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ರಿಫರ್ಬಿಶ್ಡ್ ಅಂಗಡಿಗಳಲ್ಲಿ ಧಾರಾಳ. ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ. ಲಿನಕ್ಸ್ ಚೆನ್ನಾಗಿ ಓಡುತ್ತದೆ, ಬಯೋಸ್ ಅಪ್‌ಡೇಟ್ ಎಫ್‌ಡಬ್ಲ್ಯುಯುಪಿಡಿ ಎಂಬ ತಂತ್ರಾಂಶದ ಮೂಲಕ ಲಿನಕ್ಸ್‌ನಲ್ಲೇ ಬರುತ್ತದೆ, ಸ್ಕ್ರೂ ಬಿಚ್ಚಿದರೆ ಎಲ್ಲ ಕೈಗೆ ಸಿಗುತ್ತದೆ. 8ನೇ ತಲೆಮಾರಿನ ಥಿಂಕ್‌ಪ್ಯಾಡ್ ಟಿ480 ಹತ್ತಿಪ್ಪತ್ತು ಟ್ರ್ಯಾಕಿನ ಕೆಲಸಕ್ಕೆ ಈಗಲೂ ಸಾಕು. 4ಕೆ ವಿಡಿಯೊಗೆ ಮಾತ್ರ 11ನೇ ತಲೆಮಾರಿಗಿಂತ ಹಿಂದೆ ಹೋಗಬೇಡಿ.

ಇಲ್ಲಿ ನೋಡಬೇಕಾದ್ದು ಮೂರು. ಯುಪವರ್ ಆಜ್ಞೆ ಬ್ಯಾಟರಿಯ ಈಗಿನ ಪೂರ್ಣ ಸಾಮರ್ಥ್ಯ ಮತ್ತು ಹುಟ್ಟಿದಾಗಿನ ಸಾಮರ್ಥ್ಯ ಎರಡನ್ನೂ ತೋರಿಸುತ್ತದೆ. 70%ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಕೊಡಲು ಹೇಳಿ. ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಎಸ್‌ಡಿ ಸವೆದ ಶೇಕಡಾವಾರು ನೋಡಿ. ಮೂರನೆಯದನ್ನು ಮರೆಯುವವರೇ ಹೆಚ್ಚು: ಬಯೋಸ್ ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತದೆಯೇ ಪರೀಕ್ಷಿಸಿ. ಹಿಂದಿನ ಕಂಪನಿಯ ಬೀಗ ಹಾಗೇ ಉಳಿದಿದ್ದರೆ ನೀವು ಒಂದು ಸೆಟ್ಟಿಂಗನ್ನೂ ಬದಲಿಸಲಾರಿರಿ. "ಆಮೇಲೆ ತೆಗೆಸಿಕೊಡ್ತೀವಿ" ಎಂಬ ಮಾತಿಗೆ ದುಡ್ಡು ಕೊಡಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ.

ಕರೆಂಟು, ಅರ್ಥಿಂಗು, ಗುಂಯ್ ಸದ್ದು

ಲ್ಯಾಪ್‌ಟಾಪಿನ ಲೋಹದ ಮೈಗೆ ಟೆಸ್ಟರ್ ತಾಗಿಸಿದರೆ ಬಲ್ಬು ಮಿಣುಕುತ್ತದೆ, ಬೆರಳು ಸವರಿದರೆ ಜುಮ್ಮೆನ್ನುತ್ತದೆ. ಎರಡು ಪಿನ್ನಿನ ಚಾರ್ಜರುಗಳಲ್ಲಿ ಇದು ಸಾಮಾನ್ಯ. ಒಳಗಿನ ಸಣ್ಣ ಕೆಪಾಸಿಟರ್ ಮೂಲಕ ಅಷ್ಟಿಷ್ಟು ಸೋರಿಕೆ ಬರುತ್ತದೆ. ಕೈಗೆ ಅಪಾಯವಿಲ್ಲದಿದ್ದರೂ ಗಿಟಾರ್, ಕಾಂಟ್ಯಾಕ್ಟ್ ಮೈಕ್ ಹಾಕಿದ ವೀಣೆ ರೆಕಾರ್ಡ್ ಮಾಡುವಾಗ ಅದು ಗುಂಯ್ ಎಂದು ಕೂಡಿಕೊಳ್ಳುತ್ತದೆ. ಮೂರು ಪಿನ್ನಿನ ಚಾರ್ಜರ್ ಇರುವ ಮಾದರಿ ಆರಿಸಿ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರನೆಯ ತೂತು ಇದ್ದರೂ ಒಳಗೆ ಅರ್ಥ್ ತಂತಿ ಇರುವುದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ದೋಷ ಎಲ್ಲಿದೆ ತಿಳಿಯಲು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಸದ್ದು ನಿಂತರೆ ಚಾರ್ಜರ್ ಅಥವಾ ಅರ್ಥಿಂಗ್, ನಿಲ್ಲದಿದ್ದರೆ ಕೇಬಲ್ಲು.

ಕರೆಂಟು ಹೋಗಿ ಜನರೇಟರ್ ಏರುವ ಆ ಕೆಲವು ಸೆಕೆಂಡುಗಳಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕುತ್ತದೆ, ಆದರೆ ಸ್ವಂತ ಅಡಾಪ್ಟರ್ ಇರುವ ಇಂಟರ್‌ಫೇಸ್ ಸಾಯುತ್ತದೆ, ಟೇಕ್ ಅಲ್ಲಿಗೆ ಮುಗಿಯಿತು. ಯುಎಸ್‌ಬಿಯಿಂದಲೇ ಶಕ್ತಿ ಪಡೆಯುವ ಇಂಟರ್‌ಫೇಸ್, ಯುಎಸ್‌ಬಿಯ ಎಸ್‌ಎಸ್‌ಡಿ ಇಟ್ಟುಕೊಂಡರೆ ಹಾಡು ನಿಲ್ಲುವುದಿಲ್ಲ.

ಮನೆಗೆ ತಂದ ಮೇಲೆ

ಬಂದ ವಿಂಡೋಸ್ ಅಳಿಸುವ ಮುಂಚೆ, ಅದು ಡಿಸ್ಕಿಗೆ ಹಾಕಿರುವ ಬಿಟ್‌ಲಾಕರ್ ಬೀಗದ ಕೀ ಬರೆದಿಟ್ಟುಕೊಳ್ಳಿ. ಇನ್ನೂ ಸುಲಭದ ದಾರಿ: ಮೂಲ ಎಸ್‌ಎಸ್‌ಡಿ ಬಿಚ್ಚಿ ಎತ್ತಿಟ್ಟು, ಹೊಸದರಲ್ಲಿ ಲಿನಕ್ಸ್ ಹಾಕುವುದು. ವಾರಂಟಿ ಕೆಲಸಕ್ಕೆ ಹೋಗುವಾಗ ಹಳೆಯದನ್ನು ಮರಳಿ ಕೂರಿಸಿದರೆ "ಸಾಫ್ಟ್‌ವೇರ್ ಪ್ರಾಬ್ಲಂ ಸರ್" ಎಂಬ ಮಾತಿಗೆ ಅವಕಾಶವಿರುವುದಿಲ್ಲ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಗಾಬರಿ ಬೇಡ. ಇಂಟೆಲ್ ಯಂತ್ರಗಳ ಬಯೋಸ್‌ನಲ್ಲಿ ವಿಎಂಡಿ ಅಥವಾ ಆರ್‌ಎಸ್‌ಟಿ ಎಂಬುದು ಆನ್ ಇರುತ್ತದೆ, ಅದನ್ನು ಆಫ್ ಮಾಡಿ. ಅದೇ ಡಿಸ್ಕಿನಲ್ಲಿ ವಿಂಡೋಸ್ ಉಳಿಸಿಕೊಂಡಿದ್ದರೆ, ಆಫ್ ಮಾಡಿದ ಮೇಲೆ ವಿಂಡೋಸ್ ಬೂಟ್ ಆಗದೆ ಮುಷ್ಕರ ಹೂಡಬಹುದು, ಮೊದಲು ಸೇಫ್ ಮೋಡ್ ಸಿದ್ಧಪಡಿಸಿಕೊಳ್ಳಿ. ಎನ್ವಿಡಿಯಾ ಡ್ರೈವರ್ ಹಾಕುವಾಗ ಸೆಕ್ಯೂರ್ ಬೂಟ್ (ಗುರುತಿಲ್ಲದ ಡ್ರೈವರ್ ತಡೆಯುವ ಬಯೋಸ್ ಸೌಲಭ್ಯ) ಆನ್ ಇದ್ದರೆ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ಅದನ್ನೇ ಕೊಟ್ಟು ಕೀ ಸೇರಿಸಬೇಕು. ಆ ಪರದೆ ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ತಪ್ಪಿಸಿಕೊಂಡರೆ ಡ್ರೈವರ್ ಇದ್ದೂ ಇಲ್ಲದಂತೆ.

ಉಬುಂಟು ಸ್ಟುಡಿಯೊದಲ್ಲಿ ರಿಯಲ್‌ಟೈಮ್ ಅನುಮತಿಗಳು ತಾವಾಗಿಯೇ ಹೊಂದಿಕೊಂಡಿರುತ್ತವೆ. ಡೆಬಿಯನ್‌ನಲ್ಲಿ ನಿಮ್ಮ ಹೆಸರನ್ನು ಆಡಿಯೊ ಗುಂಪಿಗೆ ಸೇರಿಸಿ, ಆ ಗುಂಪಿಗೆ ಆರ್‌ಟಿಪ್ರಯೊ 95, ಮೆಮ್‌ಲಾಕ್ ಅನ್‌ಲಿಮಿಟೆಡ್ ಕೊಟ್ಟು, ಲಾಗೌಟ್ ಆಗಿ ಮತ್ತೆ ಬನ್ನಿ. ರೆಕಾರ್ಡಿಂಗ್ ಶುರು ಮಾಡುವ ಮುನ್ನ ಪವರ್ ಪ್ರೊಫೈಲ್ ಪರ್ಫಾರ್ಮೆನ್ಸ್‌ಗೆ, ವೈಫೈ ಆಫ್. ಹಾಡುವಾಗ 128, ಮಿಕ್ಸ್ ಮಾಡುವಾಗ 1,024. ಮಿಕ್ಸಿಂಗ್ ಹೊತ್ತಿನಲ್ಲಿ ಯಾರೂ ಹಾಡುತ್ತಿರುವುದಿಲ್ಲ, ಪ್ರೊಸೆಸರಿಗೆ ಉಸಿರು ಬಿಡಲು ಕೊಡಿ.

ರಿಸಾಲ್ವ್ ಅಧಿಕೃತವಾಗಿ ರಾಕಿ ಲಿನಕ್ಸ್‌ಗೆ ತಯಾರಾದದ್ದು. ಹೊಸ ಉಬುಂಟು, ಫೆಡೋರಾದಲ್ಲಿ ಹಾಕಿದ ಮೇಲೆ ಐಕಾನ್ ಒತ್ತಿದರೂ ಏನೂ ತೆರೆಯದಿದ್ದರೆ, ಅದು ತನ್ನ ಜೊತೆ ತಂದ ಹಳೆಯ ಜಿಲಿಬ್ ಲೈಬ್ರರಿ ಕಡತಗಳ ಕಿತಾಪತಿ. ಆಪ್ಟ್ ಒಳಗಿನ ರಿಸಾಲ್ವ್ ಕಡತಕೋಶದ ಲಿಬ್ಸ್‌ನಿಂದ ಜಿಲಿಬ್, ಜಿಐಒ, ಜಿಮಾಡ್ಯೂಲ್ ಹೆಸರಿನವುಗಳನ್ನು ಬೇರೆ ಜಾಗಕ್ಕೆ ಸರಿಸಿದರೆ ವ್ಯವಸ್ಥೆಯ ಹೊಸ ಕಡತಗಳನ್ನೇ ಬಳಸಿಕೊಂಡು ತೆರೆಯುತ್ತದೆ.

ಕನ್ನಡ ಶೀರ್ಷಿಕೆ ಹಾಕುವವರು ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಫಾಂಟ್‌ಗಳನ್ನು ಮೊದಲೇ ಹಾಕಿಕೊಳ್ಳಿ. ಕೆಡೆನ್‌ಲೈವ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಬೇರೆ ಯಾವುದೇ ತಂತ್ರಾಂಶದಲ್ಲಿ ಪೂರ್ತಿ ಶೀರ್ಷಿಕೆ ಟೈಪ್ ಮಾಡುವ ಮುಂಚೆ "ಸ್ತ್ರೀ", "ರಾಷ್ಟ್ರ" ಎಂದು ಬರೆದು, ಐದು ಸೆಕೆಂಡ್ ರೆಂಡರ್ ಮಾಡಿ ನೋಡಿ. ಎಡಿಟಿಂಗ್ ಕಿಟಕಿಯಲ್ಲಿ ಸರಿ ಕಂಡಿದ್ದು ರೆಂಡರಿನಲ್ಲಿ ಒಡೆದು ಬರುವುದೂ ಉಂಟು.